ಸಾಲು ತಪ್ಪಿತು, ಕ್ಷಮಿಸಿ

ನನ್ನನ್ನು ಕೇಳಿದರೆ, ಮೊದಲ ಮಾತು:
ಹೆಂಗಸಿನ ಪಾತ್ರ ಬಂತೆಂದು ಗಂಟಲು ಹಿಂಡಿಕೊಳ್ಳುವ ಗಂಡಸನ್ನು
ಮೈಕಿನ ಮುಂದೆ ಕೂರಿಸಬಾರದು.
ಇಪ್ಪತ್ತೆರಡು ಚಳಿಗಾಲ ಇಫ್ಯೋರ್ದ್ ಘಟ್ಟದಲ್ಲಿ ಹಿಮ ಗೋರಿದ್ದೇನೆ,
ಹದಿನಾಲ್ಕು ಟನ್ನಿನ ಗಾಡಿ, ಮೂತಿಗೆ ಉಕ್ಕಿನ ರೆಕ್ಕೆ.
ನನ್ನ ದನಿ ಇಲಿಮರಿಯದ್ದಲ್ಲ.
ನಮ್ಮೂರ ಯಾವ ಹೆಂಗಸಿನದೂ ಅಲ್ಲ.

ಅಳುವವರೂ ಬೇಡ.
ಕಥೆಯಲ್ಲಿ ಮಗು ಸತ್ತರೆ ಅಳಬೇಕಾದವಳು ನಾನು.
ಅವನೇ ಮೊದಲು ಅತ್ತು ಮುಗಿಸಿದರೆ
ನನಗೇನು ಉಳಿಯಿತು, ವೈಪರು?

ಒಬ್ಬಳಿದ್ದಾಳೆ, ಓಸ್ಲೋದವಳು, ಹೆಸರು ಬೇಡ,
ಜೇನಿನಂಥ ಕಂಠ ಎಂದು ಎಲ್ಲರೂ ಹೊಗಳುತ್ತಾರೆ.
ಜೇನು ನನಗೂ ಸೇರುತ್ತದೆ,
ಹನ್ನೊಂದು ತಾಸು ಬರೀ ಜೇನೇ ಬಡಿಸಿದರೆ?
ಸಾಲದ್ದಕ್ಕೆ ನಮ್ಮ ಕೊಲ್ಲಿಯ ಹೆಸರನ್ನು
ಮೀನಿನ ಮುಳ್ಳು ಸಿಕ್ಕಿಕೊಂಡವಳ ಹಾಗೆ ಉಗಿದಳು.
ಮೂರನೆಯ ಅಧ್ಯಾಯ. ಅಲ್ಲಿಗೇ ನಿಲ್ಲಿಸಿದೆ.
ಕೊಲೆಗಾರ ಯಾರೆಂದು ಇವತ್ತಿಗೂ ಗೊತ್ತಿಲ್ಲ,
ಗೊತ್ತಾಗುವುದೂ ಬೇಡ.

ಜೊತೆ ಪಾಳಿಯ ಆಯ್ಲು ಎಲ್ಲವನ್ನೂ
ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾನೆ.
ವರ್ಷಕ್ಕೆ ತೊಂಬತ್ತು ಪುಸ್ತಕ, ಎನ್ನುತ್ತಾನೆ.
ಹಿಮವನ್ನೂ ಹಾಗೇ ಗೋರಿ ನೋಡು, ಎಂದೆ,
ರಸ್ತೆಯೂ ಉಳಿಯುವುದಿಲ್ಲ, ನೀನೂ.

ಅಮ್ಮನ ಕಣ್ಣು ಹೋದ ಮೇಲೆ
ಅಂಚೆಯಲ್ಲಿ ಬೂದುಬಣ್ಣದ ಪೆಟ್ಟಿಗೆ ಬರುತ್ತಿತ್ತು, ಹನ್ನೆರಡು ಕ್ಯಾಸೆಟ್ಟು.
ಓದುತ್ತಿದ್ದವನು ಟೋರ್ಲೈಫ್. ನಟನಲ್ಲ,
ಎಲ್ಲಿಯದೋ ಶಾಲೆಯ ಮೇಷ್ಟ್ರಂತೆ.
ನೆಗಡಿಯಾದ ದಿನ ನೆಗಡಿಯಲ್ಲೇ ಓದುವನು.
ಹಾಳೆ ಮಗುಚುವ ಸದ್ದು. ನೀರಿನ ಗುಟುಕು.
ಒಮ್ಮೆ ದೂರದಲ್ಲೊಂದು ನಾಯಿ ಬೊಗಳಿತು.
ಕಥೆಯೊಳಗಿನದು ಎಂದೆ ನಾನು,
ಅವನ ಮನೆಯದು ಎಂದಳು ಅಮ್ಮ,
ಸಾರು ಆರುವ ತನಕ ಜಗಳ.
‘ಮೊದಲ ಬದಿ ಮುಗಿಯಿತು, ದಯವಿಟ್ಟು ತಿರುವಿ ಹಾಕಿ.’
‘ಆಗಲಪ್ಪ’ ಎಂದು ತಡಕುತ್ತ ಏಳುವಳು.
ಅಪ್ಪನ ಯಾವ ಮಾತಿಗೂ
ಅವಳು ಹಾಗೆ ಎದ್ದದ್ದು ನಾನು ಕಂಡಿಲ್ಲ.

ಈಗ ಉಸಿರನ್ನೆಲ್ಲ ಕತ್ತರಿಸಿ ಬಿಸಾಡುತ್ತಾರಂತೆ.
ಯಂತ್ರವೇ ಓದುವುದೂ ಉಂಟು.
ತಪ್ಪಿಲ್ಲ, ತೊದಲಿಲ್ಲ,
ನಮ್ಮ ಕೊಲ್ಲಿಯ ಹೆಸರನ್ನೂ ಸರಿಯಾಗಿ ಹೇಳಿತು, ಸುಳ್ಳೇಕೆ.
ಅರ್ಧ ತಾಸಿಗೆ ನನಗೇ ಉಸಿರು ಕಟ್ಟಿ
ಕಿಟಕಿ ಇಳಿಸಿದೆ. ಹೊರಗೆ ಮೈನಸ್ ಇಪ್ಪತ್ತಾರು.

ಫೆಬ್ರವರಿಯ ಒಂದು ರಾತ್ರಿ ಘಟ್ಟ ಮುಚ್ಚಿತ್ತು.
ನನ್ನ ಬೆನ್ನಿಗೆ ಒಂಬತ್ತು ವಾಹನ, ಬಾಲದಲ್ಲಿ ಆಯ್ಲು,
ಬಿಳಿಯೊಳಗೆ ಬಿಳಿ, ಗುರುತಿನ ಕೋಲುಗಳೂ ಕಾಣವು.
ಗ್ರಂಥಾಲಯದವರು ಹಳೆಯ ಕ್ಯಾಸೆಟ್ಟುಗಳನ್ನು ಫೋನಿಗೆ ಇಳಿಸಿದ್ದಾರೆ,
ಟೋರ್ಲೈಫ್ ಓದುತ್ತಿದ್ದ.
ನಡುವಾಕ್ಯದಲ್ಲಿ ನಿಂತ.
‘ಸಾಲು ತಪ್ಪಿತು, ಕ್ಷಮಿಸಿ. ಮತ್ತೆ ಓದುತ್ತೇನೆ.’
ಯಾಕೋ ನಾನೂ ಬ್ರೇಕು ಒತ್ತಿದೆ.
ಕನ್ನಡಿಯಲ್ಲಿ ದೀಪ ಎಣಿಸಿದೆ: ನಾಲ್ಕು ಜೋಡಿ.
ರೇಡಿಯೋ ಕರಕರ ಎಂದಿತು. ಆಯ್ಲು.
‘ಮೀನಿನ ಲಾರಿ ಜಾರಿ ಅಡ್ಡ ನಿಂತಿದೆ.
ಉಳಿದವರು… ಇಲ್ಲೇ… ನನ್ನ ಜೊತೆ.’
ಒಂದೊಂದು ಮಾತಿಗೂ ನಡುವೆ ಅವನ ಉಸಿರು,
ಅವನನ್ನು ಮೊದಲ ಸಲ ಸರಿಯಾದ ವೇಗದಲ್ಲಿ ಕೇಳಿದೆ.

ಕಾದೆವು. ವೈಪರು ನಿಲ್ಲಿಸಿದೆ, ಇಂಜಿನ್ನು ಮೆಲ್ಲಗೆ ಗುರುಗುಡುತ್ತಿತ್ತು.
ಕಥೆ ಮುಂದಕ್ಕೆ ಹೋಯಿತು. ಆ ಜಾಗ ಬಂತು. ನಾಯಿ ಬೊಗಳಿತು.
ಸಣ್ಣ ಸ್ಪೀಕರಿನಲ್ಲಿ ಅಂದು ಕೇಳಿಸದ್ದು ಇಂದು ಕೇಳಿಸಿತು:
ಕುರ್ಚಿ ಕಿರ್ರೆಂದದ್ದು,
ಬಾಗಿಲ ಕಡೆ ತಿರುಗಿದ ಬಾಯಿ, ಪಿಸುದನಿಯಲ್ಲಿ
‘ಸುಮ್ಮನಿರೋ.’

ಎಷ್ಟು ನಕ್ಷತ್ರ ಕೊಡುತ್ತೀರಿ ಎನ್ನುತ್ತಿದೆ ಫೋನು.
ತಡೆ, ಮೊದಲು ಇನ್ನೊಬ್ಬಳಿಗೆ ಹೇಳುವುದಿದೆ:
ಅವನ ಮನೆಯದೇ, ಅಮ್ಮ.